ಕಿವಿ ಕೇಳದ ಕನ್ನಡಿಗನಿಗೆ ಕನ್ನಡ ಚಿತ್ರ ಬೇಡವೆ?



ಮದುವೆ ಕಾರ್ಡು, ಕರಪತ್ರ ಅಚ್ಚು ಹಾಕಿಸಲು ಸುಲ್ತಾನ್‌ಪೇಟೆಯ ಗಲ್ಲಿಗಳಿಗೆ ನೀವೂ ಹೋಗಿರುತ್ತೀರಿ. ಅಲ್ಲಿನ ಪ್ರೆಸ್ಸೊಂದರಲ್ಲಿ ದುಡಿಯುವ, ಕಿವಿ ಕೇಳದ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಸನ್ನೆ ಅವನ ಮಾತು. ಕನ್ನಡ ಅವನು ಶಾಲೆಯಲ್ಲಿ ಕಲಿತ ಅಕ್ಷರ. ಕಾರ್ಡಿನಲ್ಲಿ ಒಂದು ಒತ್ತು ತಪ್ಪಿದರೂ ಹಿಡಿಯುತ್ತಾನೆ.

ಭಾನುವಾರ ಗೆಳೆಯರ ಜತೆ ಮೆಜೆಸ್ಟಿಕ್‌ಗೆ ಹೋಗಿ ಕನ್ನಡ ಚಿತ್ರಕ್ಕೆ ಕೂರುತ್ತಾನೆ. ನಾಯಕ ಡೈಲಾಗ್ ಹೊಡೆದರೆ ಇಡೀ ಥಿಯೇಟರ್ ಶಿಳ್ಳೆ ಹಾಕುತ್ತದೆ. ಇವನು ಪಕ್ಕದವನ ಮುಖ ನೋಡುತ್ತಾನೆ. ತೆರೆಯ ಕೆಳಗೆ ಅಕ್ಷರವೇನಾದರೂ ಬಂದರೆ ಅದು ಇಂಗ್ಲಿಷಿನದು!

ಆ ಇಂಗ್ಲಿಷ್ ಸಾಲು ಯಾರಿಗಾಗಿ? ಕನ್ನಡ ಬಾರದವರಿಗಾಗಿ. ಇರಲಿ, ಅವರೂ ನಮ್ಮ ಚಿತ್ರ ನೋಡಲಿ. ಆದರೆ ಕನ್ನಡ ಓದಬಲ್ಲ ಕನ್ನಡಿಗನಿಗೆ ಒಂದು ಸಾಲು ಕನ್ನಡ ಹಾಕಲು ನಮಗೇನು ದಾಡಿ? ಖರ್ಚು ಎನ್ನುತ್ತೀರಾ? ಸಂಭಾಷಣೆ ಬರೆದಿರುವುದೇ ಕನ್ನಡದಲ್ಲಿ. ಅದನ್ನು ಸಮಯಕ್ಕೆ ಸರಿಯಾಗಿ ತೆರೆಯ ಮೇಲೆ ಕೂರಿಸಿದರಾಯಿತು. ಇಂಗ್ಲಿಷಿಗೆ ಅನುವಾದ ಮಾಡಿಸಲು ದುಡ್ಡಿದೆ, ಇದಕ್ಕಿಲ್ಲವೆ?

ಮೂಕಿ ಚಿತ್ರಗಳ ಕಾಲದಲ್ಲಿ ಈ ಭೇದ ಇರಲಿಲ್ಲ. ಮಾತನ್ನು ಬರೆದು ತೋರಿಸುತ್ತಿದ್ದರು. ಕಿವಿ ಕೇಳುವವನೂ ಕೇಳದವನೂ ಓದಿಯೇ ತಿಳಿಯಬೇಕಿತ್ತು. 1934ರ ಮಾರ್ಚ್ 3ರಂದು ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಬಂತು. ಬಿಡುಗಡೆಯಾದದ್ದು ಸುಲ್ತಾನ್‌ಪೇಟೆಗೆ ಹತ್ತಿರದ ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ. ತೆರೆ ಕನ್ನಡ ಮಾತಾಡಿತೆಂದು ನಮಗೆ ಇಂದಿಗೂ ಹೆಮ್ಮೆ. ಅಂದೇ ಕಿವಿ ಕೇಳದವನ ಮುಖಕ್ಕೆ ಬಾಗಿಲು ಬಿದ್ದದ್ದು ಮಾತ್ರ ಕಾಣಲಿಲ್ಲ.

ಕಣ್ಣು ಕಾಣದವರ ಪಾಡೂ ಇಷ್ಟೇ. ಮಾತು ಕೇಳುತ್ತದೆ. ಮಾತಿಲ್ಲದ ದೃಶ್ಯದಲ್ಲಿ ಯಾರು ಬಂದರು, ಯಾರು ಅತ್ತರು ತಿಳಿಯದು. ಸಂಭಾಷಣೆಯ ನಡುವಿನ ಬಿಡುವಿನಲ್ಲಿ ಅದನ್ನು ಕನ್ನಡದಲ್ಲಿ ವಿವರಿಸಿ ಅವರ ಇಯರ್‌ಫೋನಿಗೆ ಕೊಡಬಹುದು. ಪಕ್ಕದವರಿಗೆ ತೊಂದರೆಯೇ ಇಲ್ಲ.

‘ಪಾಪ’ ಎನ್ನಬೇಡಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಅವರು ಅಂಧ ಮಕ್ಕಳಿಗೆ ಅನ್ನ ಹಾಕಿ, ಸಂಗೀತ ಕಲಿಸಿ, ನಾಡಿಗೆ ಕಲಾವಿದರನ್ನು ಕೊಟ್ಟರು. ಪುಟ್ಟರಾಜರು ನಾಟಕಗಳನ್ನೂ ಬರೆದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕಲೆಯಿಂದ ಕನ್ನಡ ಕಟ್ಟಿದ ಇಂಥವರ ಬಳಗಕ್ಕೆ ಕನ್ನಡದ ಕಲೆ ಮುಟ್ಟಿಸುವುದು ದಾನವಲ್ಲ. ಅದು ನಮ್ಮ ಮೇಲಿರುವ ಸಾಲ.

ಕಾನೂನೂ ಇದೆ. ಕಲೆ ಅಂಗವಿಕಲರಿಗೆ ಎಟುಕುವಂತೆ ಮಾಡಿ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಕಲಂ ಹೇಳುತ್ತದೆ. 2024ರ ಮಾರ್ಚ್ 15ರಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಹಲವು ಭಾಷೆಗಳಲ್ಲಿ ಸರ್ಟಿಫಿಕೇಟ್ ಪಡೆಯುವ ಚಿತ್ರಗಳಿಗೆ ಆರು ತಿಂಗಳು, ಉಳಿದವಕ್ಕೆ ಎರಡು ವರ್ಷ ಗಡುವು ಕೊಟ್ಟಿತು. ಅಂದರೆ ದೊಡ್ಡ ಬಜೆಟ್ಟಿನ ಬಹುಭಾಷಾ ಚಿತ್ರ ಮೊದಲು, ನಮ್ಮ ಸಣ್ಣ ಕನ್ನಡ ಚಿತ್ರ ಕೊನೆಗೆ! ಈ ಸಾಲಿನಲ್ಲೂ ಕನ್ನಡ ಹಿಂದೆಯೇ ನಿಲ್ಲಬೇಕೆ?

ನಾಮಫಲಕದಲ್ಲಿ ಕನ್ನಡ ಬೇಕೆಂದು ನಾವು ಬೀದಿಗಿಳಿದಿದ್ದೇವೆ. 1982ರಲ್ಲಿ ಗೋಕಾಕ್ ಚಳವಳಿಗೆ ಅಣ್ಣಾವ್ರೇ ಬೀದಿಗೆ ಬಂದರು. ತೆರೆಯ ಮೇಲೆ ಕನ್ನಡ ಅಕ್ಷರ ಬೇಕೆಂದು ಎಂದಾದರೂ ಕೇಳಿದ್ದೇವೆಯೆ?

ಇನ್ನು ಕೇಳಿ. ಟಿಕೆಟ್ ಕೌಂಟರಿನಲ್ಲಿ ‘ಕನ್ನಡ ಅಕ್ಷರ ಇದೆಯಾ?’ ಎಂದು ಕೇಳಿ. ಇಲ್ಲವೆಂದರೆ ಮ್ಯಾನೇಜರಿಗೂ ನಿರ್ಮಾಪಕರಿಗೂ ಕನ್ನಡದಲ್ಲೇ ಪತ್ರ ಬರೆಯಿರಿ. ರಾಜ್ಯೋತ್ಸವಕ್ಕೆ ನಿಮ್ಮ ಸಂಘ ಬೀದಿಯಲ್ಲಿ ಚಿತ್ರ ತೋರಿಸುವುದಾದರೆ ಮೊದಲು ಅಲ್ಲಿ ಕನ್ನಡ ಸಾಲು ಹಾಕಿಸಿ. ಪ್ರೆಸ್ಸಿನ ಆ ಹುಡುಗನನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಈ ಸಲ ಶಿಳ್ಳೆ ಅವನೂ ಹೊಡೆಯಲಿ.