ಹೊಟ್ಟೆಯಲ್ಲಿ ಕೂಸು, ಎದೆಯಲ್ಲಿ ಗುಟ್ಟು



ಹೃದಯದ ಕವಾಟ ಬದಲಾಯಿಸಿಕೊಂಡವರು ಹೆರಬಹುದೇ, ಆಪರೇಷನ್ ಆದರೆ ಮತ್ತು ಕೊಡುತ್ತಾರಾ ಎಂದು ನ್ಯಾಮತಿಯ ಸೋದರಿಯೊಬ್ಬರು ಕೇಳಿ ಬರೆದಿದ್ದಾರೆ. ಪತ್ರ ಓದಿ ನನಗೆ ನಮ್ಮ ಮನೆಯದೇ ಕಥೆ ನೆನಪಾಯಿತು.

ಹೊನ್ನಾಳಿಯಲ್ಲಿರುವ ನನ್ನ ಅಕ್ಕನ ಮಗಳನ್ನು ಜಗಳೂರಿಗೆ ಕೊಟ್ಟಿದೆ. ಚಿಕ್ಕಂದಿನಲ್ಲಿ ಅವಳಿಗೆ ಗಂಟಲು ನೋವು ಬಂದು, ಆಮೇಲೆ ಜ್ವರ ಕಾದು ಕೀಲುಗಳೆಲ್ಲ ಬಾತುಕೊಂಡಿದ್ದವು. ರುಮ್ಯಾಟಿಕ್ ಜ್ವರ ಅಂದರು. ಜ್ವರವೇನೋ ಹೋಯಿತು, ಹೃದಯದ ಎಡಗಡೆಯ ಕವಾಟ ಕಿರಿದಾಗಿ ಉಳಿಯಿತು. ಮದುವೆ ಮಾತಿನಲ್ಲಿ ಅಕ್ಕ ಇದನ್ನು ಎತ್ತಲಿಲ್ಲ. "ಎದೆ ರೋಗ ಅಂದ್ರೆ ಹುಡುಗಿನ ಯಾರು ತಗೋತಾರೆ ಹೇಳು?" ಅಂದಳು. ನನಗೂ ಗೊತ್ತಿತ್ತು, ನಾನೂ ಸುಮ್ಮನಿದ್ದೆ. ಮೂರು ವಾರಕ್ಕೊಮ್ಮೆ ಹಾಕಿಸುತ್ತಿದ್ದ ಪೆನ್ಸಿಲಿನ್ ಇಂಜೆಕ್ಷನ್ನೂ ಅಲ್ಲಿಗೆ ನಿಂತಿತು.

ಏಳನೇ ತಿಂಗಳಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದಳು, ಮೂರು ದಿಂಬಿಗೆ ಒರಗಿಯೇ ನಿದ್ದೆ. ಬಸುರಿಗೆ ಏದುಸಿರು ಇದ್ದದ್ದೇ ಅಂದೆವು. ನಾನೂ ಅಂದೆ, ಸುಳ್ಳೇಕೆ! ಒಂದು ರಾತ್ರಿ ಕೆಮ್ಮು ನಿಲ್ಲದೆ ದಾವಣಗೆರೆಗೆ ಓಡಿದೆವು. ಅಲ್ಲಿ ಎಕೋ ಮಾಡಿದಾಗ ಗುಟ್ಟು ರಟ್ಟಾಯಿತು.

ಅಲ್ಲಿನ ಅರಿವಳಿಕೆ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು: ಬಸಿರಿನಲ್ಲಿ ಮೈಯ ರಕ್ತ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗುತ್ತೆ. ನಮ್ಮ ಚನ್ನಗಿರಿಯ ಸೂಳೆಕೆರೆ ತುಂಬಿದಾಗ ತೂಬು ಕಟ್ಟಿಕೊಂಡರೆ ಹೇಗೋ ಹಾಗೆ ಎಂದು ನಾನು ತಿಳಿದುಕೊಂಡೆ. ಮುಂದೆ ಹೋಗಲಾರದ ರಕ್ತ ಹಿಂದಕ್ಕೆ ಒತ್ತಿ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೆರಿಗೆ ನೋವಿನಲ್ಲಿ ಎದೆಬಡಿತ ಓಡಿದರೆ ರಕ್ತ ಕವಾಟ ದಾಟಲು ಹೊತ್ತೇ ಸಿಗದು. ಆದ್ದರಿಂದ ಇಂಥವರಿಗೆ ನೋವು ತಡೆಯುವುದು ಸುಖಕ್ಕಲ್ಲ, ಅದೂ ಚಿಕಿತ್ಸೆಯೇ. ಆದರೆ ಬೆನ್ನಿಗೆ ಒಂದೇ ಸಲ ಪೂರ್ತಿ ಮದ್ದು ಕೊಟ್ಟರೆ ಬಿಪಿ ದಿಢೀರನೆ ಇಳಿದುಬಿಡಬಹುದು. ಅದಕ್ಕೇ ಬೆನ್ನಲ್ಲಿ ಸಣ್ಣ ನಳಿಕೆ ಇಟ್ಟು ಎಪಿಡ್ಯೂರಲ್ ಮದ್ದನ್ನು ಸ್ವಲ್ಪಸ್ವಲ್ಪವೇ ಬಿಟ್ಟರು. ಕವಾಟ ಕೆಟ್ಟಿದೆಯೆಂದು ಎಲ್ಲರಿಗೂ ಹೊಟ್ಟೆ ಕೊಯ್ಯಬೇಕಿಲ್ಲವಂತೆ. ಇವಳಿಗೆ ಮಾಮೂಲು ಹೆರಿಗೆಯೇ ಆಯಿತು. ಕೂಸು ಹೊರಬಿದ್ದ ಕೂಡಲೇ ಗರ್ಭಕೋಶ ಕುಗ್ಗಿ ರಕ್ತವೆಲ್ಲ ಒಮ್ಮೆಗೇ ಹೃದಯಕ್ಕೆ ನುಗ್ಗುವುದರಿಂದ, ಹೆತ್ತಾಯಿತು ಎಂದು ನಾವು ಸಕ್ಕರೆ ಹಂಚುವ ಹೊತ್ತೇ ಡಾಕ್ಟರಿಗೆ ಹೆಚ್ಚು ಆತಂಕದ್ದು.

ಇನ್ನು ನ್ಯಾಮತಿಯ ಸೋದರಿಗೆ: ಲೋಹದ ಕವಾಟವಿದ್ದರೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುತ್ತೀರಿ. ಅದರಲ್ಲಿ ಕೆಲವು ಮೊದಲ ತಿಂಗಳುಗಳಲ್ಲಿ ಕೂಸಿಗೆ ಕೆಡುಕು. ನೀವಾಗಿ ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬಸುರಾಗುವ ಮೊದಲೇ ಹೃದಯದ ಡಾಕ್ಟರನ್ನು ಕೇಳಿ. ಬೆನ್ನಿಗೆ ಸೂಜಿ ಹಾಕುವ ಮುಂಚೆ ಕೊನೆಯ ಡೋಸ್ ಯಾವಾಗ ಆಯಿತೆಂದು ಅರಿವಳಿಕೆ ಡಾಕ್ಟರಿಗೆ ಗೊತ್ತಿರಲೇಬೇಕು, ಇಲ್ಲವಾದರೆ ಬೆನ್ನುಹುರಿಯ ಸುತ್ತ ರಕ್ತಸ್ರಾವವಾಗುವ ಭಯ. ತಾಯಿ ಕಾರ್ಡಿನಲ್ಲಿ ಕಾಯಿಲೆಯ ಹೆಸರು ಬರೆಸಿ, ಹಳೇ ಎಕೋ ಚೀಟಿ ಜೊತೆಗಿಡಿ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ ನಡೆಯುತ್ತದೆ. ಹೆರಿಗೆ ಎಲ್ಲಿ ಎಂಬುದನ್ನು ದಿನ ತುಂಬುವ ಮೊದಲೇ ಗೊತ್ತು ಮಾಡಿಕೊಳ್ಳಿ. ಹೃದಯದ ಡಾಕ್ಟರೂ ಅರಿವಳಿಕೆ ಡಾಕ್ಟರೂ ಇರುವ ಕಡೆ, ನಿಮಗೆ ಶಿವಮೊಗ್ಗ ಹತ್ತಿರ.

ಅಕ್ಕನ ಮಗಳ ಕೂಸಿಗೆ ಈಗ ಎಂಟು ತಿಂಗಳು. ವಿಷಯ ತಿಳಿದು ಬೀಗಿತ್ತಿ ಎರಡು ದಿನ ಮಾತು ಬಿಟ್ಟಿದ್ದರು. ಈಗ ಮೂರು ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಸೊಸೆಯನ್ನು ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗುವವರು ಅವರೇ.