ಒಂದು ವಚನದಷ್ಟು ಆತ್ಮಕಥೆ

ತನ್ನ ಬಾಳಿನ ಕಥೆಯನ್ನು ತಾನೇ ಬರೆಯುವುದು ಅಹಂಕಾರವೆಂಬ ಅಳುಕು ಭಕ್ತರಲ್ಲಿ ಬಹುಕಾಲದಿಂದ ಇದೆ. ಶರಣರು ಆತ್ಮಸ್ತುತಿಯನ್ನು ಮೆಚ್ಚಲಿಲ್ಲವೆಂಬುದು ನಿಜ. ಆದರೆ ಹನ್ನೆರಡನೆಯ ಶತಮಾನದಲ್ಲಿ ತಮ್ಮ ಬಾಳನ್ನು ತಮ್ಮದೇ ನುಡಿಯಲ್ಲಿ, ಕೆಲವೇ ಸಾಲುಗಳಲ್ಲಿ ಹೇಳಿಕೊಂಡವರೂ ಅದೇ ಶರಣರು. ವಚನವು ಉಪದೇಶವಾಗಿರುವಂತೆ ಅತಿ ಕಿರಿದಾದ ಆತ್ಮಕಥೆಯೂ ಆಗಿದೆ.

ಬಸವಣ್ಣನವರ ಮಹಿಮೆಯನ್ನು ಹರಿಹರನ ರಗಳೆಯೂ 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣವೂ ವಿಸ್ತಾರವಾಗಿ ಕೊಂಡಾಡಿವೆ. ಬಸವಣ್ಣನವರು ತಮ್ಮನ್ನು ಕುರಿತು ನುಡಿಯುವಾಗಲಾದರೋ ತಮ್ಮ ಮನಸ್ಸಿನ ಚಂಚಲತೆಯನ್ನೂ ಭಕ್ತಿಯ ಕೊರತೆಯನ್ನೂ ಒಪ್ಪಿಕೊಳ್ಳುತ್ತಾರೆ. ಪರರು ಬರೆದ ಚರಿತ್ರೆಯಲ್ಲಿ ಮಹಿಮೆಯಿದೆ. ತಾನೇ ನುಡಿದ ಮಾತಿನಲ್ಲಿ ಮನುಷ್ಯನಿದ್ದಾನೆ.

ಸೂಳೆ ಸಂಕವ್ವೆಯದೆಂದು ದೊರೆತಿರುವುದು ಒಂದೇ ವಚನ. ಅದರಲ್ಲಿ ಆಕೆ ತನ್ನ ವೃತ್ತಿಯನ್ನು ಮರೆಮಾಚುವುದಿಲ್ಲ. ಒಬ್ಬರ ಒತ್ತೆ ಪಡೆದ ಬಳಿಕ ಇನ್ನೊಬ್ಬರದನ್ನು ಮುಟ್ಟೆನೆಂಬ ತನ್ನ ನೇಮವನ್ನೂ, ತಪ್ಪಿದರೆ ಒದಗುವ ಶಿಕ್ಷೆಯ ಭಯವನ್ನೂ ಹೇಳಿ, ನಿರ್ಲಜ್ಜೇಶ್ವರನ ಹೆಸರಿನಲ್ಲಿ ಮುಗಿಸುತ್ತಾಳೆ. ಆ ನಾಲ್ಕಾರು ಸಾಲುಗಳಲ್ಲಿ ಆಕೆಯ ಕಾಯಕವೂ ನಿಷ್ಠೆಯೂ ಉಳಿದುಬಂದಿವೆ. ಅಹಂಕಾರದ ಅಳುಕಿಗೆ ಉತ್ತರವೂ ಇಲ್ಲಿಯೇ ಇದೆ: ಹೇಳುವ ಬಾಳು ತನ್ನದು, ಕೊನೆಯ ಅಂಕಿತ ದೇವರದು. ದೇವರ ಎದುರು ನುಡಿಯುವವರು ತಮ್ಮನ್ನು ಹೊಗಳಿಕೊಳ್ಳಲಾರರು.

ಬಸವಕಲ್ಯಾಣವಿರುವ ಬೀದರ ಜಿಲ್ಲೆಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ನಿಜಾಮರ ಕಾಲದಲ್ಲಿ ಇಲ್ಲಿ ಆಡಳಿತದ ಭಾಷೆ ಉರ್ದು. ಭಾಲ್ಕಿಯ ಲಿಂ. ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಬೇಕಾಯಿತು. ಅಂಥ ಅವಕಾಶ ಎಲ್ಲರಿಗೂ ದೊರೆಯಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಕೊನೆಗೊಂಡುದನ್ನು ಕಣ್ಣಾರೆ ಕಂಡು ನೆನಪಿಟ್ಟವರು ಇಂದು ಎಂಬತ್ತನ್ನು ದಾಟಿದ್ದಾರೆ. ಮನ್ನಳ್ಳಿಯಂಥ ಊರುಗಳಲ್ಲಿ ಜೋಳ, ತೊಗರಿ ಬೆಳೆದು, ಮಕ್ಕಳನ್ನು ಸಾಕಿ, ದಾಸೋಹಕ್ಕೆ ರೊಟ್ಟಿ ಬಡಿದ ತಾಯಂದಿರಲ್ಲಿ ಎಷ್ಟೋ ಮಂದಿ ಅಕ್ಷರ ಕಲಿಯಲಿಲ್ಲ. ಅಂಥವರು ಲಿಂಗೈಕ್ಯರಾದಾಗ ಶಿವಗಣಾರಾಧನೆಯ ಪತ್ರಿಕೆಯಲ್ಲಿ ಹೆಸರು, ತಿಥಿ, ಬಂಧುಗಳ ಪಟ್ಟಿ ಅಚ್ಚಾಗುತ್ತವೆ. ಅವರು ಮಾಡಿದ ಕಾಯಕದ ಒಂದು ಮಾತೂ ಇರುವುದಿಲ್ಲ.

ಆದುದರಿಂದ ಮನೆಗೊಂದು ಹಾಳೆ ಸಾಕು. ಹಿರಿಯರು ನುಡಿಯಲಿ, ಮೊಮ್ಮಕ್ಕಳು ಬರೆದುಕೊಳ್ಳಲಿ. ಮಾಡಿದ ಕಾಯಕ ಯಾವುದು, ಎಡವಿದ್ದು ಎಲ್ಲಿ, ಕಷ್ಟದಲ್ಲಿ ಕೈಹಿಡಿದವರು ಯಾರು: ಈ ಮೂರಕ್ಕೆ ಹತ್ತು ಸಾಲು ಧಾರಾಳವಾಯಿತು. ಬರೆಯುವ ಮಕ್ಕಳು ಹಿರಿಯರ ಮಾತನ್ನು ತಿದ್ದಿ ಅಲಂಕರಿಸಬಾರದು; ಬೀದರ ಸೀಮೆಯ ಆಡುನುಡಿ ಹಾಗೆಯೇ ಉಳಿಯಲಿ. ನೋವಿನ ಸಂಗತಿಯನ್ನು ಹೇಳಲು ಹಿರಿಯರು ಒಲ್ಲೆನೆಂದರೆ ಒತ್ತಾಯಿಸಲೂಬಾರದು.

ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಡೋಲೆಗಳನ್ನು ಅರಸಿ ತಂದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಶತಮಾನಗಳ ಹಿಂದೆ ಯಾರೋ ಓಲೆಯ ಮೇಲೆ ಬರೆದಿಟ್ಟಿದ್ದರಿಂದಲೇ ಅವರಿಗೆ ಅರಸಲು ಏನಾದರೂ ಇತ್ತು. ಇಂದು ಬರೆದಿಡದ ಬಾಳನ್ನು ನಾಳೆ ಎಂಥ ಹಳಕಟ್ಟಿಯವರು ಬಂದರೂ ಹುಡುಕಲಾರರು.