ಡಾಲರ್ ಚೆಕ್ ಬಂತು, ದುಡ್ಡು ಬಂತೇ?

ಅಮೆರಿಕದಿಂದ ಬಂದ ಲಕೋಟೆಯೊಳಗಿಂದ ಡಾಲರ್ ಚೆಕ್ಕೊಂದು ಹೊರಬಿದ್ದರೆ ಮನೆಯಲ್ಲಿ ಆ ದಿನ ಹಬ್ಬ. ಮಗ ಕಳಿಸಿದ್ದಿರಬಹುದು, ಅಲ್ಲಿ ದುಡಿದು ವಾಪಸು ಬಂದವರಿಗೆ ತೆರಿಗೆಯ ಬಾಕಿ ಬಂದದ್ದಿರಬಹುದು. ಹಬ್ಬದ ಸಡಗರ ಮಾತ್ರ ಬ್ಯಾಂಕಿನ ಕೌಂಟರ್ ತನಕ. "ಇದು ಇಲ್ಲಿ ಆಗೋಲ್ಲ ಸ್ವಾಮಿ, ಫಾರಿನ್ ಎಕ್ಸ್‌ಚೇಂಜ್ ಇರೋ ಬ್ರಾಂಚಿಗೆ ಹೋಗಿ" ಎಂಬ ಉತ್ತರ ಹೊತ್ತು ಜಿಲ್ಲಾ ಕೇಂದ್ರದ ಬಸ್ ಹತ್ತಬೇಕು. ಅಲ್ಲಿ ಅದನ್ನು ತೆಗೆದುಕೊಂಡರೆ ಪುಣ್ಯ. ಈ ರಗಳೆಯೇ ಬೇಡವೆಂದು ವಿದೇಶಿ ಚೆಕ್ಕನ್ನು ಮುಟ್ಟದ ಬ್ಯಾಂಕುಗಳೂ ಇವೆ.

ಕೌಂಟರಿನಲ್ಲಿ ಕೂತ ಗುಮಾಸ್ತರನ್ನು ಬೈದು ಉಪಯೋಗವಿಲ್ಲ. ನಮ್ಮ ದೇಶದ ಚೆಕ್ಕಿನ ದಾರಿಯೇ ಬೇರೆ. 2008ರಲ್ಲಿ ದಿಲ್ಲಿಯಲ್ಲಿ ಶುರುವಾದ ಪದ್ಧತಿಯಲ್ಲಿ ಚೆಕ್ಕಿನ ಕಾಗದ ಕದಲುವುದಿಲ್ಲ, ಅದರ ಚಿತ್ರ ಓಡಾಡುತ್ತದೆ. 2025ರ ಅಕ್ಟೋಬರ್ 4ರಿಂದ, ಬೆಳಿಗ್ಗೆ ಕೊಟ್ಟ ಚೆಕ್ಕು ಅದೇ ದಿನ ಇತ್ಯರ್ಥವಾಗುವ ಏರ್ಪಾಡೂ ಬಂದಿದೆ. ಆದರೆ ನ್ಯೂಯಾರ್ಕಿನ ಬ್ಯಾಂಕಿಗೂ ಇಲ್ಲಿನ ಬ್ಯಾಂಕಿಗೂ ನಡುವೆ ಅಂಥ ಕ್ಲಿಯರಿಂಗ್ ಹೌಸ್ ಇಲ್ಲ. ಚೆಕ್ಕು ಮೊದಲು ವಿದೇಶಿ ವಿನಿಮಯದ ಶಾಖೆಗೆ ಹೋಗಬೇಕು, ಅಲ್ಲಿಂದ ಈ ಬ್ಯಾಂಕು ಖಾತೆ ಇಟ್ಟುಕೊಂಡಿರುವ ಅಮೆರಿಕದ ಬ್ಯಾಂಕಿಗೆ, ಅಲ್ಲಿಂದ ಚೆಕ್ಕು ಬರೆದವನ ಬ್ಯಾಂಕಿಗೆ. ಅವರು ಒಪ್ಪಿದ ಮೇಲೆ ಡಾಲರು ಈ ಬ್ಯಾಂಕಿನ ಅಲ್ಲಿಯ ಖಾತೆಗೆ ಬೀಳುತ್ತದೆ, ಆಮೇಲೆ ಇಲ್ಲಿ ರೂಪಾಯಿ. ವಾರಗಳು ಹಿಡಿದರೆ ಆಶ್ಚರ್ಯವೇನು?

ಅಮೆರಿಕದವರೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. ಒಂದೂರಿನಿಂದ ಇನ್ನೊಂದೂರಿಗೆ ಅವರ ಚೆಕ್ಕುಗಳು ಮೂಟೆ ಮೂಟೆಯಾಗಿ ವಿಮಾನದಲ್ಲಿ ಹೋಗುತ್ತಿದ್ದವು. 2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನಗಳು ನೆಲ ಹಿಡಿದಾಗ ಚೆಕ್ಕುಗಳೂ ಕೂತಲ್ಲೇ ಕೂತವು. 2003ರಲ್ಲಿ ಕಾನೂನು ಮಾಡಿ, ಮೂಲ ಕಾಗದದ ಬದಲು ಚಿತ್ರದಿಂದ ತಯಾರಾದ ಪ್ರತಿಗೂ ಮಾನ್ಯತೆ ಕೊಟ್ಟರು.

ಇನ್ನು ಹೆಸರಿನ ತಕರಾರು. ಪಾಸ್‌ಬುಕ್ಕಿನಲ್ಲಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಸೇರಿಸಿ ಹೆಸರು. ಚೆಕ್ಕಿನಲ್ಲಿ ಸೊಸೆ ಬರೆಸಿದ ಉದ್ದನೆಯ ಸರ್‌ನೇಮು. ಇಬ್ಬರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಬ್ಯಾಂಕಿಗೆ ಗೊತ್ತಿರಬೇಕಲ್ಲ! ತಾರೀಖಿನದು ಅದಕ್ಕಿಂತ ಮೋಸದ ಕತೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 04/07 ಎಂದರೆ ಅವರಿಗೆ ಏಪ್ರಿಲ್ 7, ನಮಗೆ ಜುಲೈ 4. ಆರು ತಿಂಗಳು ದಾಟಿದ ಸಾಧಾರಣ ಚೆಕ್ಕಿಗೆ ಹಣ ಕೊಡಬೇಕೆಂಬ ಕಟ್ಟುಪಾಡು ಅಲ್ಲಿನ ಬ್ಯಾಂಕಿಗಿಲ್ಲ. ಜನವರಿವರೆಗೆ ಟೈಮಿದೆ ಎಂದು ಬೀರುವಿನಲ್ಲಿಟ್ಟವರ ಚೆಕ್ಕು ಅಕ್ಟೋಬರಿನಲ್ಲೇ ಹಳಸಿರುತ್ತದೆ.

ಖರ್ಚಿನ ಲೆಕ್ಕ ಕೇಳಿ. ಇಲ್ಲಿನ ಬ್ಯಾಂಕಿನ ಕಮಿಷನ್, ಕೊರಿಯರ್, ಅಲ್ಲಿನ ಬ್ಯಾಂಕು ಮುರಿದುಕೊಳ್ಳುವ ಡಾಲರು, ಇಷ್ಟರ ಮೇಲೆ ಡಾಲರನ್ನು ರೂಪಾಯಿ ಮಾಡಿದ್ದಕ್ಕೆ ಕಡಿಮೆಯೆಂದರೆ 45 ರೂಪಾಯಿ ಜಿಎಸ್‌ಟಿ. ಇಪ್ಪತ್ತು, ಇಪ್ಪತ್ತೈದು ಡಾಲರಿನ ಚೆಕ್ಕಾದರೆ ಬಸ್ ಚಾರ್ಜೂ ಗಿಟ್ಟದೆ ಹೋದೀತು. ವಸೂಲಿಗೆ ಕಳಿಸಿದ ಚೆಕ್ಕಿಗೆ ಸಿಗುವ ದರವೂ ಕೊಟ್ಟ ದಿನದ್ದಲ್ಲ, ಹಣ ಕೈಸೇರಿದ ಮೇಲಿನದು.

ಇದೆಲ್ಲ ತಡ, ಖರ್ಚು, ಓಡಾಟದ ಮಾತಾಯಿತು. ಅಸಲಿ ಅಪಾಯ ಇರುವುದು 'ಜಮಾ' ಎಂಬ ಎರಡಕ್ಷರದಲ್ಲಿ. ಕೆಲವು ಬ್ಯಾಂಕುಗಳು ಅಲ್ಲಿಂದ ಖಚಿತ ಉತ್ತರ ಬರುವ ಮುಂಚೆಯೇ ಖಾತೆಗೆ ಹಣ ಹಾಕುತ್ತವೆ. ಅದು ಷರತ್ತಿನ ಜಮಾ. ಚೆಕ್ಕು ವಾಪಸಾದರೆ ಹಾಕಿದ್ದನ್ನು ಹಾಗೇ ಕೀಳುತ್ತವೆ. ಸಹಿ ನಕಲಿ, ಮೊತ್ತ ತಿದ್ದಿದ್ದು ಎಂಬ ಆಕ್ಷೇಪ ತಿಂಗಳುಗಳಾದ ಮೇಲೂ ಬರಬಹುದು.

ವಂಚಕರು ಕಾದು ಕೂತಿರುವುದು ಈ ಸಂದಿನಲ್ಲೇ. ಪೇಟೆ ಬೀದಿಯ ಅಂಗಡಿಗೆ ವಿದೇಶದಿಂದ ಆರ್ಡರು ಬರುತ್ತದೆ ಎಂದಿಟ್ಟುಕೊಳ್ಳಿ. ಮಾಲು ಐನೂರು ಡಾಲರಿನದು, ಬಂದ ಚೆಕ್ಕು ಎರಡು ಸಾವಿರದ್ದು. "ತಪ್ಪಿ ಜಾಸ್ತಿ ಬರೆದುಬಿಟ್ಟೆ, ಉಳಿದದ್ದನ್ನು ನಮ್ಮ ಏಜೆಂಟನಿಗೆ ಕಳಿಸಿಬಿಡಿ" ಎಂದು ವಿನಯದ ಪತ್ರ. ಖಾತೆಯಲ್ಲಿ ಹಣ ಕಾಣುತ್ತಿದೆ, ಅಂಗಡಿಯವರು ನಂಬಿ ಕಳಿಸುತ್ತಾರೆ. ನಾಲ್ಕು ವಾರ ಕಳೆದು ಚೆಕ್ಕು ಖೋಟಾ ಎಂದು ತಿರುಗಿ ಬರುತ್ತದೆ. ಮಾಲು ಹೋಯಿತು, ಕಳಿಸಿದ ನಗದು ಹೋಯಿತು, ಬ್ಯಾಂಕಿಗೆ ಬಾಕಿ ಬೇರೆ. ಚೆಕ್ ಬೌನ್ಸ್ ಕೇಸು ಹಾಕ್ತೀನಿ ಎಂದು ವಕೀಲರ ಮನೆಗೆ ಹೋದರೆ ಅವರು ಕೇಳುವ ಮೊದಲ ಪ್ರಶ್ನೆ, ಯಾರ ಮೇಲೆ?

ಆದ್ದರಿಂದ ಕೌಂಟರಿನಲ್ಲಿ "ಯಾವಾಗ ಜಮಾ ಆಗುತ್ತೆ?" ಎಂದು ಕೇಳಿದರೆ ಸಾಲದು. "ಇನ್ನು ವಾಪಸು ಕೀಳೋದಿಲ್ಲ ಅನ್ನೋದು ಯಾವಾಗ?" ಎಂದು ಕೇಳಬೇಕು. ಮ್ಯಾನೇಜರು ಮುಖ ಸಿಂಡರಿಸಿದರೂ ಚಿಂತೆಯಿಲ್ಲ, ಉತ್ತರವನ್ನು ಕಾಗದದ ಮೇಲೆ ಪಡೆಯುವುದು ಗಿರಾಕಿಯ ಹಕ್ಕೆಂದೇ ತಿಳಿಯಬೇಕು.

ಚೆಕ್ಕಿನ ಕಾಲವಂತೂ ಮುಗಿಯುತ್ತಾ ಬಂದಿದೆ. ನ್ಯೂಜಿಲೆಂಡಿನ ದೊಡ್ಡ ಬ್ಯಾಂಕುಗಳು 2021ರಲ್ಲೇ ಅದಕ್ಕೆ ಎಳ್ಳುನೀರು ಬಿಟ್ಟವು. ಸರ್ಕಾರದ ಕಾಗದದ ಚೆಕ್ಕುಗಳನ್ನು 2025ರ ಸೆಪ್ಟೆಂಬರ್ 30ಕ್ಕೆ ನಿಲ್ಲಿಸಬೇಕೆಂದು ಅಮೆರಿಕದ ಅಧ್ಯಕ್ಷರ ಆದೇಶ ಅದೇ ವರ್ಷದ ಮಾರ್ಚಿನಲ್ಲಿ ಹೊರಟಿತು, ಕೆಲವು ವಿನಾಯಿತಿ ಬಿಟ್ಟು. ಅಲ್ಲಿಂದ ತೆರಿಗೆ ಬಾಕಿ ಬರಬೇಕಾದವರು ಅಂಚೆಯವನ ದಾರಿ ಕಾಯುವ ಬದಲು, ಹಣ ಯಾವ ಖಾತೆಗೆ ಬರಬೇಕೆಂದು ಅಲ್ಲಿನ ಕಚೇರಿಯೊಡನೆ ಈಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಮಗನಿಗೆ ಫೋನಿನಲ್ಲಿ ಹೇಳಬೇಕಾದ್ದು ಇನ್ನೂ ಸುಲಭ: ಚೆಕ್ಕು ಬರೀಬೇಡಪ್ಪ, ಪಾಸ್‌ಬುಕ್ಕಿನಲ್ಲಿರೋ ಹೆಸರು, ಖಾತೆ ನಂಬರು, ಬ್ಯಾಂಕಿನ ಸ್ವಿಫ್ಟ್ ಕೋಡು ಬರಕೊಂಡು ಅಲ್ಲಿಂದಲೇ ನೇರ ಕಳಿಸು.